ಟ್ಯಾಂಕಿಗೆ ಉಡಿ ತುಂಬಿದ ಮದುವೆ

ನನ್ನ ಸೋದರಮಾವನ ಮೀಸೆ ಬೆಳ್ಳಗಿತ್ತು, ಬಲತುದಿ ಮಾತ್ರ ಕಂದು. ನಿಪ್ಪಾಣಿಯ ತಂಬಾಕು ವ್ಯಾಪಾರಿ, ಬೀಡಿ ಸೇದಿ ಸೇದಿ ಹಾಗಾಗಿರಬೇಕು ಎಂದು ಕಂಡವರೆಲ್ಲ ತಿಳಿಯುತ್ತಿದ್ದರು. ಬೀಡಿ ಬಿಟ್ಟು ಅವರಿಗೆ ಎಷ್ಟೋ ವರ್ಷವಾಗಿತ್ತು. ಅದು ಪೆಟ್ರೋಲಿನ ಕಲೆ. ರಬ್ಬರ್ ನಳಿಗೆಗೆ ಬಾಯಿ ಹಚ್ಚಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದೇ ಅವರ ನಿತ್ಯಕರ್ಮ. ಅಂಥ ಬಾಯಿಯ ಮುಂದೆ ಕಡ್ಡಿ ಗೀರಕೂಡದು ಎಂದು ಮಾಮಿ, ಅಂದರೆ ಅವರ ಹೆಂಡತಿ, ಬೀಡಿ ಬಿಡಿಸಿದ್ದರು. ತಂಬಾಕು ಮಾರಿ ಬದುಕುವವನು ತಂಬಾಕು ಮುಟ್ಟದಂತೆ ಮಾಡಿದ ಆ ಪುಣ್ಯಾತ್ಗಿತ್ತಿ ಮಾಮಿಯಲ್ಲ, ಒಂದು ಹಳೆಯ ಗಾಡಿ.

ಗೋವಾಕ್ಕೆ ಹೊರಟಿದ್ದ ಬಿಳಿಯ ಗಂಡ ಹೆಂಡತಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕೆಟ್ಟು ನಿಂತ ಆ ವ್ಯಾನನ್ನು ಮಾಮಾನಿಗೆ ಕೊಟ್ಟು, ಕೈಮುಗಿದು, ಬಸ್ಸು ಹತ್ತಿದ್ದರಂತೆ. ಒಳಗೆ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ಬೋಗುಣಿ, ಕಿಟಕಿಗೆ ಹೂವಿನ ಪರದೆ. ಊರವರು ಅದನ್ನು ಮನಿಗಾಡಿ ಎಂದರು. ಮಕ್ಕಳಿಲ್ಲದ ಮಾಮಾ 'ನಮ್ಮ ಹುಡಿಗಿ' ಎಂದರು. ತಂಬಾಕು ನೋಡಲು ಹಳ್ಳಿಗಳಿಗೆ ಹೋದರೆ ಹೊಲದ ಬದಿಗೆ ಅದರಲ್ಲೇ ಮಲಗುತ್ತಿದ್ದರು. ಎಂಜಿನ್ ಹಿಂದೆ, ಹಾಸಿಗೆಯ ಕೆಳಗಿತ್ತು. ರಾಯಬಾಗದ ಮೇಸ್ತ್ರಿಯೊಬ್ಬ ಮುಂದೆಲ್ಲ ತಡಕಾಡಿ, "ಸಾವ್ಕಾರ್ರ, ಇದರ ಎಂಜಿನ್ ಯಾರೋ ತುಡುಗ ಮಾಡ್ಯಾರ್ರಿ" ಎಂದಿದ್ದ. ಅಂದಿನಿಂದ ಮಾಮಾ ಯಾವ ಮೇಸ್ತ್ರಿಯನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಅವರ ವಿದ್ಯೆಗೆ ಎರಡೇ ಸೂತ್ರ. ಗಾಡಿ ನಿಂತರೆ, "ಮೊದಲ ಚಹಾ, ಆಮ್ಯಾಲೆ ಪಾನಾ." ಪಾನಾ ಎಂದರೆ ಸ್ಪ್ಯಾನರು. ನಮ್ಮ ಬಿಸಿಲಿಗೆ ನಳಿಗೆಯೊಳಗಿನ ಪೆಟ್ರೋಲ್ ಕಾದು ಆವಿಯಾಗಿ ಗಾಳಿ ಕಟ್ಟಿಕೊಳ್ಳುತ್ತಿತ್ತು. ಒಲೆ ಹಚ್ಚಿ, ಚಹಾ ಕುದಿಸಿ, ಬಸಿಯಲ್ಲಿ ಆರಿಸಿ ಕುಡಿಯುವಷ್ಟರಲ್ಲಿ ಅದು ತಣಿಯುತ್ತಿತ್ತು, ಗಾಡಿ ಹೊರಡುತ್ತಿತ್ತು. ಮಾಮಾ ಮಾತ್ರ ಆ ಕೀರ್ತಿಯನ್ನೆಲ್ಲ ಚಹಾಕ್ಕೇ ಕೊಡುತ್ತಿದ್ದರು. ಎರಡನೆಯ ಸೂತ್ರ, "ನಡಿಯೂದನ್ನ ಎಂದೂ ಬಿಚ್ಚಬಾರದು." ಗಾಡಿಗೆ ಮಾತ್ರವಲ್ಲ, ಜಗಳವಾಡುವ ಗಂಡ ಹೆಂಡಿರಿಗೂ ಅವರು ಇದನ್ನೇ ಹೇಳುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಮಾಮಾ ಹಟ ಹಿಡಿದರು. ಹುಡುಗಿಯನ್ನು ಮಂಟಪಕ್ಕೆ ತರುವವನು ಸೋದರಮಾವ, ತರುವುದು ಮನಿಗಾಡಿಯಲ್ಲೇ. ನಮ್ಮದು ಚಿಕ್ಕೋಡಿ, ಮದುವೆ ಅಥಣಿಯಲ್ಲಿ. ಅವ್ವ ಬೇಡ ಎಂದು ನೋಡಿದಳು. ನನಗೆ ಕೂಡಿ ಬಂದ ಸಂಬಂಧಗಳು ಮೊದಲೇ ಮುರಿದು ಬಿದ್ದಿದ್ದವು, ಜನ ಬಾಯಿ ಹಾಕತೊಡಗಿದ್ದರು. ಈ ಬೀಗರಂತೂ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ನಿಶ್ಚಿತಾರ್ಥದಲ್ಲೇ ಜೇಬಿನ ಗಡಿಯಾರ ತೆಗೆದು, "ಹನ್ನೆರಡೂವರಿಗೆ ಅಕ್ಕಿಕಾಳು ಬೀಳಬೇಕು. ತಪ್ಪಿದ್ರ ಈ ತಿಂಗಳಾಗ ಮುಹೂರ್ತ ಇಲ್ಲ, ಮುಂದಿಂದು ಮುಂದ ನೋಡೂಣು" ಎಂದಿದ್ದರು. ಆ 'ನೋಡೂಣು' ಕೇಳಿ ಅವ್ವ ಆ ದಿನ ಊಟ ಮಾಡಲಿಲ್ಲ.

ಮದುವೆಯ ಮುಂಜಾನೆ ಅಪ್ಪ, ನೆಂಟರು ಲಾರಿಯಲ್ಲಿ ಮುಂದೆ ಹೋದರು. ಮಾಮಿ ಅರಿಷಿಣದ ಅಕ್ಕಿ, ಕೊಬ್ಬರಿ ಹಾಕಿ ನನ್ನ ಉಡಿ ತುಂಬಿದರು. ಮಾಮಾ, ಮಾಮಿ, ಅವ್ವ, ನಾನು ಹೊರಟೆವು. ಚಿಕ್ಕೋಡಿ ದಾಟುತ್ತಲೇ ಗಾಡಿ ಕೆಮ್ಮಿ ನಿಂತಿತು. ಚಹಾ ಆಯಿತು, ಹೊರಟಿತು. ಮಾಮಾ ಮೀಸೆ ತಿರುವಿದರು. ರಾಯಬಾಗ ದಾಟಿ ಮತ್ತೆ ನಿಂತಿತು. ಮತ್ತೆ ಚಹಾ.

"ಅಣ್ಣಾ, ನೀ ಮದುವಿಗೆ ಹೊಂಟೀಯೋ, ಚಾದಂಗಡಿ ಇಡಾಕ ಹೊಂಟೀಯೋ?" ಎಂದಳು ಅವ್ವ.

"ಸಕ್ಕರಿ ಕಡಿಮಿ ಹಾಕೀನಿ, ಕುಡಿ" ಎಂದರು ಮಾಮಾ.

ಚಿಂಚಲಿ ದಾಟಿ ಕುಡಚಿಯ ದಾರಿಯಲ್ಲಿ ಮೂರನೆಯ ಸಲ ನಿಂತಾಗ ಹನ್ನೊಂದು ಹೊಡೆದಿತ್ತು. ಅವ್ವ ಕಬ್ಬಿನ ಗದ್ದೆಯ ಕಡೆ ಮುಖ ಮಾಡಿ ಅಳತೊಡಗಿದಳು. ಮಾಮಾ ಅಂದು ಮೊದಲ ಸಲ ಒಲೆ ಹಚ್ಚಲಿಲ್ಲ. ತಲೆಗೆ ಸುತ್ತಿದ್ದ ಜರದ ರುಮಾಲು ತೆಗೆದಿಟ್ಟು ಎಂಜಿನ್ನಿಗೆ ಕೈ ಹಾಕಿದರು. ಕಾರ್ಬುರೇಟರ್ ಬಿಚ್ಚಿ ಊದಿದರು, ಅದು ಚೊಕ್ಕ. ಪಂಪು ನೋಡಿದರು, ಅದೂ ಸರಿ. "ನಳದಾಗ ನೀರ ಬರಲಿಲ್ಲಂದ್ರ ನಳಾ ಬಡದ ಏನ್ ಮಾಡೂದು? ಬಾವಿ ನೋಡಬೇಕು" ಎನ್ನುತ್ತ ಟ್ಯಾಂಕಿನ ಮುಚ್ಚಳ ತೆಗೆದು, ನಳಿಗೆ ಇಳಿಬಿಟ್ಟು, ಬಾಯಿ ಹಚ್ಚಿ ಎಳೆದರು. ಕೆಮ್ಮಿದರು. ಅಂಗೈಗೆ ಉಗುಳಿ ನೋಡಿದರು.

ಅಂಗೈಯಲ್ಲಿ ಒಂದು ಅಕ್ಕಿಕಾಳು ಇತ್ತು, ಹಳದಿ ಬಣ್ಣದ್ದು.

ಮಾಮಿ ಸೆರಗು ಸರಿಮಾಡಿಕೊಂಡರು. "ನಾನ ಹಾಕೀನಿ" ಎಂದರು. "ಮುಂಜಾನೆ ಇಕೀ ಉಡಿ ತುಂಬಿದ್ನಿ. ನಮ್ಮ ಹುಡಿಗಿನೂ ದೂರದ ಊರಿಗೆ ಹೊಂಟಾಳ, ಬರೇ ಉಡೀಲೆ ಹ್ಯಾಂಗ ಕಳಸ್ಲಿ? ಇಕೀ ಉಡಿ ಎಲ್ಲೈತಿ ಅಂತ ಹುಡಿಕಿದ್ನಿ. ಬಾಗಲಾ ತಗದ್ರ ಸೀಟ ಕಾಣ್ತು. ಮುಚ್ಚಳಾ ತಗದ್ರ ಹೊಟ್ಟಿ ಕಾಣ್ತು."

"ಎಷ್ಟ ಹಾಕೀದಿ?"

"ಐದ ಮುಷ್ಟಿ. ಒಂದ ಅರಿಷಿಣಕೊಂಬ."

"ಕೊಬ್ಬರಿ?"

"ಬಟ್ಟಲಾ ಒಳಗ ಹಿಡೀಲಿಲ್ಲ."

ಮಾಮಾ ಬೈಯುತ್ತಾರೆ ಎಂದುಕೊಂಡೆ. ಅವರು ಕಾಳನ್ನೇ ನೋಡುತ್ತ, "ಎಂಜಿನ್ ಜಗ್ಗಿದಾಗ ಕಾಳು ಹೋಗಿ ನಳಿಗಿ ಬಾಯಿಗೆ ಅಡರತಾವ. ನಿಂತಾಗ ತಳಕ್ಕ ಬೀಳತಾವ. ಹಂಗಾರ ಇವತ್ತ ಗುಣಾ ಮಾಡಿದ್ದು ಚಹಾ ಅಲ್ಲ" ಎಂದರು. ಅಕ್ಕಿಗಿಂತ ಅದೇ ಅವರನ್ನು ಹೆಚ್ಚು ನೋಯಿಸಿದಂತಿತ್ತು.

ಟ್ಯಾಂಕು ಇಳಿಸಲು ಹೊತ್ತಿರಲಿಲ್ಲ. ಟ್ಯಾಂಕನ್ನೇ ಬಿಟ್ಟು ನಡೆಸೋಣ ಎಂದರು ಮಾಮಾ. ಎಣ್ಣೆಯ ಡಬ್ಬಿಯ ಬಾಯಿಗೆ ತಮ್ಮ ಜರದ ರುಮಾಲು ಕಟ್ಟಿ, ಪೆಟ್ರೋಲ್ ಸೋಸಿ ತುಂಬಿಸಿದರು. ಡಬ್ಬಿ ಎಂಜಿನ್ನಿಗಿಂತ ಮೇಲಿದ್ದರೆ ಪೆಟ್ರೋಲ್ ತಾನೇ ಇಳಿಯುತ್ತದೆ. ಎಂಜಿನ್ನಿನ ಮೇಲೆ ಇದ್ದದ್ದು ಹಾಸಿಗೆ, ಹಾಸಿಗೆಯ ಮೇಲೆ ಇದ್ದದ್ದು ನಾನು. ಉಡಿಯ ಅಕ್ಕಿ, ಕೊಬ್ಬರಿಯ ಜೊತೆಗೆ ಡಬ್ಬಿ ನನ್ನ ಮಡಿಲಿಗೆ ಬಂತು. ನಳಿಗೆ ನನ್ನ ಮಗ್ಗಲಿಂದ ಕೆಳಗಿಳಿದು ಕಾರ್ಬುರೇಟರ್ ಸೇರಿತು.

"ಅಳ್ಳಾಡಬ್ಯಾಡವ್ವಾ. ಈಗ ನೀನ ಟ್ಯಾಂಕು" ಎಂದರು ಮಾಮಾ.

ಗಾಡಿ ಎಲ್ಲೂ ನಿಲ್ಲಲಿಲ್ಲ. ಕೃಷ್ಣೆಯ ಸೇತುವೆಯ ಮೇಲೆ ಅವ್ವ ಕೈಮುಗಿದಳು. ನನ್ನ ಕೈಗಳು ಡಬ್ಬಿಯ ಮೇಲಿದ್ದವು, ಹೊಳೆಗೆ ಬರೀ ತಲೆ ಬಾಗಿಸಿದೆ. ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಪೆಟ್ರೋಲ್ ತುಳುಕಿ ಸೀರೆ ನೆನೆಯಿತು. ಅಥಣಿಯಲ್ಲಿ ಇಳಿದಾಗ ಬೀಗತಿ ಉರಿಯುವ ಆರತಿ ಹಿಡಿದು ಎದುರು ಬಂದರು. ಮಾಮಾ ಅಡ್ಡ ನಿಂತು, "ಆರತಿ ಆರಿಸ್ರಿ ಬೀಗತಿ, ಹುಡಿಗಿ ಹೊತ್ತಿಕೊಂತಾಳ" ಎಂದರು. ಉರಿಯದ ಆರತಿ ಎತ್ತಿಸಿಕೊಂಡ ಮದುಮಗಳು ಆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬೀಗರು ಗಡಿಯಾರ ನೋಡಿದರು, ಮೂಗು ಅರಳಿಸಿದರು, ಮತ್ತೆ ಗಡಿಯಾರ ನೋಡಿದರು. "ರೈಟ್ ಟೈಮ್" ಎಂದರು. ಸೀರೆ ಬದಲಿಸಿ ನಿಂತರೂ ವಾಸನೆ ಹೋಗಲಿಲ್ಲ. ಅಕ್ಕಿಕಾಳು ಬೀಳುವಾಗ ಗಂಡ ನನ್ನೊಡನೆ ಮೊದಲ ಮಾತಾಡಿದ. "ಇಲ್ಲೆಲ್ಲೋ ಪೆಟ್ರೋಲ್ ಸೋರಾಕತ್ತೈತಿ" ಎಂದ.

ಆಮೇಲೂ ಮಾಮಾ ಅದೇ ಗಾಡಿಯಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಅದು ದಾರಿಯುದ್ದಕ್ಕೂ ನಿಲ್ಲುತ್ತಿತ್ತು, ಇವರು ದಾರಿಯುದ್ದಕ್ಕೂ ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿ ಕಾದು ನಿಂತ ನನ್ನ ಮಾವನವರು ಗಡಿಯಾರ ಒಳಗಿಟ್ಟು, "ಇವತ್ತ ಎಷ್ಟ ಚಹಾ ಲೇಟ್ರಿ?" ಎಂದು ಕೇಳುತ್ತಿದ್ದರು.

ಕೆಟ್ಟದ್ದನ್ನೆಲ್ಲ ಬಿಚ್ಚುವ ಮನುಷ್ಯ ಆ ಟ್ಯಾಂಕು ಮಾತ್ರ ಯಾಕೆ ತೊಳೆಯುವುದಿಲ್ಲ ಎಂದು ನನಗೆ ಸಿಟ್ಟೇ ಬರುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ.

"ಉಡಿ ಅಕ್ಕಿ ಯಾರರ ಚೆಲ್ಲತಾರೇನ ಬೇ?" ಎಂದರು ಮಾಮಾ. "ನಿನ್ನ ಮದುವಿ ದಿನದ್ದು ಅದು. ನಿನ್ನ ಸಂಸಾರ ಛಲೋ ನಡದೈತಿ. ನಡಿಯೂದನ್ನ ಬಿಚ್ಚಬಾರದು."

ಅವರು ತೀರಿಕೊಂಡದ್ದು ಹೊಸ ತಂಬಾಕು ಪೇಟೆಗೆ ಬರುವ ಹೊತ್ತಿಗೆ. ವರ್ಷ ತುಂಬಿದ ಮೇಲೆ ಮಾಮಿ ಗಾಡಿಯನ್ನು ಮೋಡಕಾದವರಿಗೆ, ಅಂದರೆ ಗುಜರಿಯವರಿಗೆ, ಕೊಟ್ಟರು. ಆ ದಿನ ನಾನೂ ನಿಪ್ಪಾಣಿಗೆ ಹೋಗಿದ್ದೆ. ಅವರು ಟ್ಯಾಂಕು ಬೋರಲು ಹಾಕುವಾಗ ಮಾಮಿ ಕೆಳಗೆ ಪರಾತ ಹಿಡಿದರು. ಬಣ್ಣ ಬಿಟ್ಟ ಅಕ್ಕಿ ಬಿತ್ತು, ಕೊನೆಗೆ ಅರಿಷಿಣಕೊಂಬೂ ಟಣ್ ಎಂದು ಬಿತ್ತು. ಅಕ್ಕಿ ಎತ್ತಿಕೊಂಡ ಮಾಮಿ ನನ್ನ ಕಡೆ ಬಂದು, ಅರ್ಧಕ್ಕೇ ನಿಂತರು.

"ನಾ ಇನ್ನ ಉಡಿ ತುಂಬಬಾರದಲ್ಲವ್ವಾ."

"ನೀವ ತುಂಬಿದ್ದ ಅಕ್ಕೀನ ಅದು. ನೀವ ಹಾಕ್ರಿ" ಎಂದು ಸೆರಗು ಒಡ್ಡಿದೆ.

ಅಥಣಿಯ ಬಸ್ಸಿನಲ್ಲಿ ವಾಸನೆಗೆ ಯಾರೂ ನನ್ನ ಮಗ್ಗಲಿಗೆ ಕೂರಲಿಲ್ಲ. ಹಿಂದಿನ ಸೀಟಿನ ಮುದುಕ ಬೀಡಿಗೆ ಕಡ್ಡಿ ಗೀರಲು ಹೋದ. "ಹಚ್ಚಬ್ಯಾಡ್ರಿ ಅಜ್ಜಾರ, ನನ್ನ ಉಡ್ಯಾಗ ಪೆಟ್ರೋಲ್ ಐತಿ" ಎಂದೆ. ಬಸ್ಸಿನ ಜನ ನಕ್ಕರು. ನಾನೂ ನಕ್ಕೆ. ಮಾಮಾ ಹೋದ ದಿನ ಬಾರದಿದ್ದ ಅಳು ಆಗ ಬಂತು.