4172 ಎರಡು ಸಲ ಬಂತು

2005ರಲ್ಲಿ ನಾನು ಮಡಂತ್ಯಾರಿನ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮೂಡಬಿದ್ರೆಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದ ಹಮ್ಮು ತಲೆಗೇರಿತ್ತು.

ನಮ್ಮಲ್ಲಿ ಯಾರು ಯಾಕೆ ರಕ್ತ ಕೊಟ್ಟರೆಂದು ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಲ್ಯಾಬಿನ ಧಣಿಗಳು, "ಬಾಟಲಿಯಲ್ಲಿ ಹೆಸರು ಬೇಡ. ಸಾಲಾಗಿ ನಂಬರೂ ಬೇಡ, ಯಾರ ಹಿಂದೆ ಯಾರು ಬಂದದ್ದು ಅಂತ ಪತ್ತೆ ಮಾಡ್ತಾರೆ" ಎಂದರು. ನಾನು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಗುಂಡಿ ಒತ್ತಿದರೆ ನಾಲ್ಕಂಕಿಯ ಯಾವುದೋ ಒಂದು ಸಂಖ್ಯೆ ಬರುವಂತೆ ಮಾಡಿದೆ. ಆ ಸಂಖ್ಯೆ ಹಾಕಿದರೆ ವರದಿ ಬರುತ್ತಿತ್ತು. ಅದರ ಮೇಲೆ ಹೆಸರನ್ನು ನಾನೇ ಪೆನ್ನಿನಲ್ಲಿ ಬರೆಯುತ್ತಿದ್ದೆ.

"ಒಂದೇ ನಂಬರ್ ಇಬ್ಬರಿಗೆ ಬಂದ್ರೆ?" ಎಂದು ಧಣಿಗಳು ಕೇಳಿದ್ದರು.

"ಸಾವಿರಾರು ನಂಬರ್ ಉಂಟು, ಎಲ್ಲಿಂದ ಬರ್ತದೆ?" ಎಂದು ನಕ್ಕಿದ್ದೆ. ಸಂಖ್ಯೆಯನ್ನು ಮೊದಲೇ ಯಾರಿಗಾದರೂ ಕೊಟ್ಟಾಗಿದೆಯೇ ಎಂದು ನೋಡುವ ಒಂದು ಸಾಲನ್ನು ನಾನು ಬರೆಯಲೇ ಇಲ್ಲ.

ಗಲ್ಫಿಗೆ ಹೊರಟಿದ್ದ ರಫೀಕ್, ತನ್ನೂರಿನವರ ಕಣ್ಣಿಗೆ ಬೀಳಬಾರದೆಂದು ನರಿಕೊಂಬಿನಿಂದ ಇಷ್ಟು ದೂರ ಬಂದು ರಕ್ತ ಕೊಟ್ಟ. ಅವನ ಸಂಖ್ಯೆ 4172. ವರದಿಯಲ್ಲಿ ಅಂಟುವ ಕಾಮಾಲೆಯ ವೈರಸ್ ಇತ್ತು; ಅದಿದ್ದವರಿಗೆ ಗಲ್ಫಿನ ವೀಸಾ ಸಿಗುವುದಿಲ್ಲ.

"ಕಂಪ್ಯೂಟರಿಗೆ ಎಲ್ಲಿಯಾದ್ರೂ ತಪ್ಪಿತಾ ಅಂತ, ಇನ್ನೊಮ್ಮೆ ನೋಡುವ ಅಕ್ಕ" ಎಂದ.

"ಕಂಪ್ಯೂಟರ್ ತಪ್ಪುವುದಿಲ್ಲ ಮಾರಾಯ" ಎಂದು ಹೆಸರು ಬರೆದು ಕೊಟ್ಟೆ.

ಎರಡು ತಿಂಗಳ ಮೇಲೆ ಒಬ್ಬ ಅಜ್ಜನ ಸಂಖ್ಯೆಗೆ ಗರ್ಭಿಣಿಯ ವರದಿ ಬಂತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಹಳೆಯ ನಂಬರುಗಳನ್ನೆಲ್ಲ ತೆಗೆದೆ. ಕೂತು ಹುಡುಕಿದೆ. 4172 ಕೂಡ ಎರಡು ಸಲ ಬಂದಿತ್ತು. ಕಂಪ್ಯೂಟರ್ ಬೇರೊಬ್ಬರ ಹಳೆಯ ವರದಿಯನ್ನು ತೋರಿಸಿತ್ತು; ರಫೀಕನ ವರದಿ ಅದರ ಅಡಿಯಲ್ಲೇ ಉಳಿದಿತ್ತು. ರಫೀಕನ ರಕ್ತದಲ್ಲಿ ಏನೂ ಇರಲಿಲ್ಲ ದೇವರೇ!

ಮರುದಿನ ಅವನ ಮನೆ ಹುಡುಕಿಕೊಂಡು ಹೋದೆ. ಜಗಲಿಯ ತುದಿಯಲ್ಲಿ ಅವನಿಗೆ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅಳುತ್ತಲೇ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕೈತಪ್ಪಿದ ವೀಸಾದ ಮಾತನ್ನೂ ಅವನು ಎತ್ತಲಿಲ್ಲ.

"ಹಾಗಾದ್ರೆ ಮಗುವನ್ನು ಎತ್ತಿಕೊಳ್ಬಹುದಾ ಅಕ್ಕ?" ಎಂದಷ್ಟೇ ಕೇಳಿದ.

ಹೂಂ ಎಂದು ತಲೆಯಾಡಿಸಿದೆ. ಅಜ್ಜಿಯ ಜೊತೆ ಬಾಗಿಲಲ್ಲಿ ನಿಂತಿದ್ದ ಒಂದೂವರೆ ವರ್ಷದ ಮಗಳ ಕಡೆಗೆ ಎರಡೂ ಕೈ ಚಾಚಿದ. ಎರಡು ತಿಂಗಳು ತಂದೆಯ ಹತ್ತಿರ ಹೋಗದಂತೆ ಗದರಿಸಿಕೊಂಡೇ ಬೆಳೆದ ಮಗು, ಅಜ್ಜಿಯ ಬೆನ್ನ ಹಿಂದೆ ಅಡಗಿ ಕಿಟಾರನೆ ಕಿರುಚಿತು. ಅವನ ಕೈಗಳು ಹಾಗೆಯೇ ಇದ್ದವು.

ಆ ಒಂದು ಸಾಲನ್ನು ಆಮೇಲೆ ಬರೆದೆ. ಎರಡು ನಿಮಿಷದ ಕೆಲಸ. ಇಷ್ಟು ವರ್ಷವಾದರೂ ನನ್ನ ಮೇಲೆ ನನಗೆ ನಾಚಿಕೆ ಹೋಗಿಲ್ಲ.