ತಡೆಪಟ್ಟಿಯಲ್ಲಿ ನಮ್ಮ ಮಾವನವರು

ನಮ್ಮ ಇ-ಮೇಲ್ ವಿಳಾಸವನ್ನು ಸ್ಪ್ಯಾಮ್ ಕಳಿಸುವವರ ತಡೆಪಟ್ಟಿಗೆ ಸೇರಿಸಿದ್ದಾರೆ ಎಂದು ಗೊತ್ತಾದಾಗ ನನಗೆ ಮೊದಲು ಆದದ್ದು ಸಿಟ್ಟಲ್ಲ, ಸಣ್ಣದೊಂದು ಹೆಮ್ಮೆ. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಇಷ್ಟು ವರ್ಷ ಬದುಕಿದ ನನ್ನನ್ನು ಯಾರೂ ಅಪಾಯಕಾರಿ ಎಂದು ಭಾವಿಸಿದ್ದಿಲ್ಲ. ಮೈಸೂರಿನಲ್ಲಿ ಎಂ.ಎ. ಓದುವಾಗ ಜೊತೆಯ ಒಂದಿಬ್ಬರ ಹೆಸರು ಚಳವಳಿಯ ದಿನಗಳಲ್ಲಿ ಪೊಲೀಸರ ಪಟ್ಟಿ ಸೇರಿತ್ತು. ಇವತ್ತಿಗೂ ಅವರು ಅದನ್ನು ಪದವಿಗಿಂತ ಒಂದು ಮೆಟ್ಟಿಲು ಮೇಲೆ ಇಟ್ಟುಕೊಂಡಿದ್ದಾರೆ. ನಾನೂ ಆ ಮೆರವಣಿಗೆಯಲ್ಲಿದ್ದೆ ಎಂದು ನನ್ನ ನೆನಪು. ಇರಲಿಲ್ಲ ಎಂದು ಅವರ ನೆನಪು. ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು; ಒಂದು ನೆನಪಿನ ಎದುರು ಎರಡು ನೆನಪು ನಿಂತರೆ ಯಾವ ಕಡೆ ವಾಲಬೇಕೆಂದು ಗೊತ್ತು. ಹೀಗಿರುವಾಗ ಅರಸೀಕೆರೆಯ ಮನೆಯ ಮೂಲೆಯಲ್ಲಿ ಕೂತ ನನ್ನನ್ನು ಯಾವುದೋ ದೇಶದ ಯಂತ್ರವೊಂದು ಗುರುತಿಸಿ 'ಇವನ ಮೇಲೆ ಒಂದು ಕಣ್ಣಿರಲಿ' ಎಂದರೆ ಬೆನ್ನು ನೆಟ್ಟಗಾಗದೆ ಇರುತ್ತದೆಯೇ?

ಆ ಬೆನ್ನು ನೆಟ್ಟಗಿದ್ದದ್ದು ನನ್ನ ಹೆಂಡತಿ ವಿಶಾಲಾಕ್ಷಿ ಕೋಣೆಗೆ ಬಂದು ಪರದೆಯ ಮೇಲಿನ ಎಚ್ಚರಿಕೆ ಓದುವವರೆಗೆ.

"ನಂಬಲು ಯೋಗ್ಯವಲ್ಲ ಅಂತ ಬಂದೈತಲ್ಲ, ಯಾರು ರೀ ಯೋಗ್ಯವಲ್ಲದೋರು? ನೀವಾ, ನಾನಾ?"

"ಇಬ್ಬರೂ ಅಲ್ಲ, ವಿಳಾಸ," ಎಂದೆ.

"ವಿಳಾಸದಲ್ಲಿ ಯಾರ ಹೆಸರೈತೆ?"

ಅಲ್ಲಿಗೆ ನನ್ನ ತರ್ಕ ಮುಗಿಯಿತು. ವಿಳಾಸದಲ್ಲಿದ್ದದ್ದು ನಮ್ಮ ಮಾವ ಮರಿಬಸಪ್ಪನವರ ಹೆಸರು. ಅವರು ಇಲ್ಲವಾಗಿ ಬಹಳ ಕಾಲವಾಯಿತು. ಕೊಬ್ಬರಿ ವ್ಯಾಪಾರಿ. ಟವಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಿದ್ದ ಕಾಲದವರು. ಬೆರಳು ಬಿಟ್ಟ ಮೇಲೆ ಮಾರುಕಟ್ಟೆ ಎಷ್ಟೇ ಏರಿದರೂ ಮಾತು ಬದಲಿಸಿದವರಲ್ಲ. ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಲಗಲ ಅನ್ನುವವರೆಗೆ ಒಡೆಯಲು ಬಿಡುತ್ತಿರಲಿಲ್ಲವಂತೆ. ಆ ಕಿವಿ ಮಗಳಿಗೂ ಬಂದಿದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳು ಮರದ ಗಾಣ ಹಾಕಿ, ತಂದೆಯ ಹೆಸರನ್ನೇ ಇಟ್ಟಾಗ, ಆ ಹೆಸರಿಗೊಂದು ಸ್ವಂತದ ಇ-ಮೇಲ್ ವಿಳಾಸ ಮಾಡಿಕೊಟ್ಟವನು ನಾನು. ಪುಕ್ಕಟೆ ವಿಳಾಸ ಬಾಡಿಗೆ ಮನೆ ಇದ್ದ ಹಾಗೆ. ಇದು ಸ್ವಂತ ಮನೆ ಎಂದು ಬೀಗಿದ್ದೆ. ಆ ಸ್ವಂತ ಮನೆಯ ಬಾಗಿಲಿಗೆ ಈಗ ಯಾರೋ ಕಳ್ಳರ ಮನೆ ಎಂದು ಚೀಟಿ ಅಂಟಿಸಿದ್ದರು.

ತಪ್ಪು ಎಲ್ಲಿಯದು? ಹುಡುಕುತ್ತ ಹೋದರೆ ಅದು ಗಾಣದ ಪ್ರಾರಂಭೋತ್ಸವಕ್ಕೆ ಹೋಗಿ ನಿಂತಿತು. ಕರೆಯುವ ವಿಚಾರದಲ್ಲಿ ನಮ್ಮ ಸೀಮೆಯ ಕಾನೂನು ಕಠಿಣ. ಕರೆದರೂ ಬರದವನಿಗೆ ಕ್ಷಮೆ ಇದೆ. ಕರೆಯದೆ ಬಿಟ್ಟವನಿಗೆ ಇಲ್ಲ. ಅದಕ್ಕಾಗಿ ಕೆಲಸ ಹಂಚಿಕೊಂಡೆವು. ಕುಂಕುಮದ ಬಟ್ಟಲು ಹಿಡಿದು ಮನೆ ಮನೆಗೆ ಹೋಗುವುದು ಅವಳ ಪಾಲು. ಹೊರಗಿನವರನ್ನೂ ಕಾಲೇಜಿನವರನ್ನೂ ಇ-ಮೇಲಿನಲ್ಲಿ ಕರೆಯುವುದು ನನ್ನ ಪಾಲು. ದೇವರ ಮುಂದೆ ಮೊದಲ ಪತ್ರಿಕೆ ಇಡುವಾಗ ಗೊಣಗಿದ್ದ ಸಂಶಯವಾದಿ ನಾನು. ಆದರೆ ಯಾರನ್ನೂ ಬಿಡಬಾರದು ಎಂಬ ನಿಯಮವನ್ನು ಸಂಶಯಿಸುವ ಧೈರ್ಯ ನನಗೂ ಬರಲಿಲ್ಲ.

ತೊಡಕೆಂದರೆ, ಯಾರು ಯಾರೆಂದು ನನಗೆ ನೆನಪಿಲ್ಲ. ಹಳೆಯ ವಿಳಾಸಪುಸ್ತಕ ತೆರೆದರೆ ಪ್ರತಿ ಹೆಸರೂ ನೋಡಿದಂತಿದೆ, ಯಾವುದಕ್ಕೂ ಮುಖವಿಲ್ಲ. ಇವರು ಸಹೋದ್ಯೋಗಿಯೋ, ಶಿಷ್ಯನೋ, ರೈಲಿನಲ್ಲಿ ಸಿಕ್ಕವರೋ? ನೆನಪನ್ನು ನಂಬದವನು ಏನು ಮಾಡಬೇಕೋ ಅದನ್ನೇ ಮಾಡಿದೆ. ಎಂದಾದರೂ ನನಗೆ ಒಂದು ಸಾಲು ಬರೆದವರೆಲ್ಲರಿಗೂ ಗಾಣದ ಹೊಚ್ಚ ಹೊಸ ವಿಳಾಸದಿಂದ ಒಂದೇ ಒತ್ತಿಗೆ ಆಮಂತ್ರಣ ಕಳಿಸಿದೆ. ಅದರಲ್ಲಿ ಬ್ಯಾಂಕಿನ 'ಉತ್ತರಿಸಬೇಡಿ' ವಿಳಾಸವಿತ್ತು. ಗ್ಯಾಸಿನವರಿದ್ದರು. ಒಮ್ಮೆ ಚಪ್ಪಲಿ ಮಾರಿ ಅನಂತರ ಬಿಡದೆ ಯುಗಾದಿಗೂ ದೀಪಾವಳಿಗೂ ಶುಭ ಕೋರುತ್ತಿದ್ದ ಕಂಪನಿಯಿತ್ತು. ಎಲ್ಲರನ್ನೂ ಸಕುಟುಂಬ ಸಪರಿವಾರ ಸಮೇತ ದಯಮಾಡಿಸಬೇಕೆಂದು ಕೋರಿದ್ದೆ. ಯಾರೂ ಬಳಸದೆ ಸತ್ತುಹೋದ ವಿಳಾಸಗಳೂ ಇದ್ದವು. ಸ್ಪ್ಯಾಮ್ ಹಿಡಿಯುವವರು ಇಂಥ ಸತ್ತ ವಿಳಾಸಗಳನ್ನೇ ಗಾಳಕ್ಕೆ ಸಿಕ್ಕಿಸಿ ಕಾಯುತ್ತಾರೆಂದು ನನಗೆ ತಿಳಿದದ್ದು ಆಮೇಲೆ. ಬದುಕಿರುವ ಪರಿಚಯದವನು ಅಲ್ಲಿಗೆ ಯಾಕೆ ಬರೆಯುತ್ತಾನೆ ಎಂಬುದು ಅವರ ತರ್ಕ. ತರ್ಕ ಸರಿ. ಅವರಿಗೆ ನಮ್ಮ ಊರು ಗೊತ್ತಿಲ್ಲ, ಅಷ್ಟೆ.

ಪ್ರಾರಂಭೋತ್ಸವದ ದಿನ ಏನೂ ಗೊತ್ತಾಗಲಿಲ್ಲ. ಬದಲಿಗೆ ಅರೇಹಳ್ಳಿಯಿಂದ ಒಬ್ಬರು ಕಾಫಿ ಪುಡಿಯ ಪೊಟ್ಟಣ ಹಿಡಿದುಕೊಂಡು ಬಂದರು. ನಾನು ಎಂದಿನಂತೆ ಗುರುತು ಸಿಕ್ಕವನ ಹಾಗೆ ನಕ್ಕು, ಕೈ ಹಿಡಿದು ಕೂರಿಸಿದೆ. ಊಟವಾದ ಮೇಲೆ ತಡೆಯಲಾರದೆ ಕೇಳಿದೆ: "ತಪ್ಪು ತಿಳೀಬೇಡಿ, ನಾವು ಎಲ್ಲಿ ಭೇಟಿಯಾಗಿದ್ವಿ?"

ಅವರು ಎಲೆಯಡಿಕೆ ಮಡಿಸುತ್ತ, "ನಂಗೂ ಗ್ಯಾಪ್ಕ ಇಲ್ಲ ಸಾರ್. ಬಸ್ಸಲ್ಲಿ ಬತ್ತಾ ಅದೇ ಯೋಚ್ನೆ ಮಾಡ್ತಿದ್ದೆ. ಆದ್ರೆ ಕರೆದಿದ್ರಲ್ಲ, ಬರದೆ ಇದ್ರೆ ಆಯ್ತದಾ?" ಎಂದರು. ಇಬ್ಬರೂ ಸಮಾಧಾನದಿಂದ ಎರಡನೆಯ ಸಲ ಕಾಫಿ ಕುಡಿದೆವು.

ಪೆಟ್ಟು ಬಿದ್ದದ್ದು ಮುಂದಿನ ವಾರ. ಬೇಲೂರಿನಲ್ಲಿ ದೇವಸ್ಥಾನದ ಹತ್ತಿರ ಹೋಟೆಲ್ ಇಟ್ಟಿರುವ ಸರೋಜಮ್ಮ ಪ್ರವಾಸಿಗರಿಗೆ ಮಾರಲು ಗಾಣದ ಕೊಬ್ಬರಿ ಎಣ್ಣೆ ಬೇಕೆಂದಿದ್ದರು. ಗಾಣಕ್ಕೆ ಅದೇ ಮೊದಲ ದೊಡ್ಡ ಗಿರಾಕಿ. ದರವನ್ನು ಇ-ಮೇಲಿನಲ್ಲಿ ಕಳಿಸಿ ಎಂದಿದ್ದರು. ಕಳಿಸಿದ ತಕ್ಷಣ, ಈ ವಿಳಾಸ ತಡೆಪಟ್ಟಿಯಲ್ಲಿದೆ, ನಂಬಲು ಯೋಗ್ಯವಲ್ಲ ಎಂಬ ಉತ್ತರ ಬಂತು. ವಿಶಾಲಾಕ್ಷಿ ಫೋನ್ ಹಚ್ಚಿದಳು.

"ಅಯ್ಯೋ ವಿಶಾಲಕ್ಕ," ಎಂದಿತು ಆ ಕಡೆಯ ದನಿ, "ನಮ್ಮ ಅಳಿಯ ಅದೇನೋ ಕೆಂಪಕ್ಷರದಾಗೆ ಬತ್ತೈತೆ, ಈ ವಿಳಾಸದೋರು ಮೋಸದೋರು ಅಂತೈತೆ ಅಂತಾನೆ. ನಂಗೆ ನೀವು ಗೊತ್ತಿಲ್ವಾ? ಆದ್ರೆ ಯವಾರ ನೋಡೋನು ಅವನು. ಸೋಮವಾರ ಯಾರ ಎಣ್ಣೆ ತಗೊಳ್ಳೋದು ಅಂತ ಮಾತಾಗ್ತೈತೆ. ಬೇರೆ ಯಾವ್ದಾದ್ರೂ ವಿಳಾಸದಿಂದ ಕಳಿಸ್ರಲ್ಲ."

ನಾನೂ ಅದನ್ನೇ ಹೇಳಿದೆ. ನನ್ನ ಹಳೆಯ ಪುಕ್ಕಟೆ ವಿಳಾಸ ಇದ್ದೇ ಇತ್ತು. ಅವಳು ಒಪ್ಪಲಿಲ್ಲ.

"ಹೆಸರು ಮರೆಸಿಕೊಂಡು ಹೋಗೋಕೆ ನಾವೇನು ಕದ್ದಿದ್ದೀವಾ? ನಮ್ಮಪ್ಪನ ಹೆಸರಿನ ಗಾಣ, ನಮ್ಮಪ್ಪನ ಹೆಸರಲ್ಲೇ ಹೋಗ್ಲಿ. ಇಲ್ಲಾಂದ್ರೆ ಆ ಗಿರಾಕಿ ಬ್ಯಾಡ."

ಸೋಮವಾರದೊಳಗೆ ಮಾವನವರನ್ನು ಪಟ್ಟಿಯಿಂದ ಬಿಡಿಸಬೇಕಾಯಿತು. ಪಟ್ಟಿ ಇಟ್ಟವರ ತಾಣದಲ್ಲಿ ಅಹವಾಲು ಬರೆಯಲು ಒಂದು ಜಾಗವಿತ್ತು. ಅಲ್ಲಿದ್ದ ಪ್ರಶ್ನೆಗಳು ಸರಳ. ಈ ಜನ ನಿಮಗೆ ಗೊತ್ತೇ? ನಿಮ್ಮಿಂದ ಪತ್ರ ಪಡೆಯಲು ಇವರು ಮೊದಲೇ ಒಪ್ಪಿಗೆ ಕೊಟ್ಟಿದ್ದರೇ?

ಮೊದಲ ಪ್ರಶ್ನೆಗೆ ನನ್ನಂಥವನು ಪ್ರಾಮಾಣಿಕವಾಗಿ ಏನು ಉತ್ತರಿಸಲಿ? ಅರಸೀಕೆರೆ ರೈಲು ನಿಲ್ದಾಣದಲ್ಲಿ ದಿನಕ್ಕೊಬ್ಬರು "ಏನ್ ಸಾರ್, ಚೆನ್ನಾಗಿದೀರಾ" ಅನ್ನುತ್ತಾರೆ. "ನೀವು?" ಅನ್ನುತ್ತೇನೆ. ಅವರು ಯಾರೆಂದು ನನಗೆ ಗೊತ್ತಿಲ್ಲ; ನನ್ನನ್ನು ಯಾರೆಂದುಕೊಂಡು ಮಾತಾಡಿಸಿದರೋ ಅದೂ ಗೊತ್ತಿಲ್ಲ. ಹಾಗೆಂದು ನಾವು ಅಪರಿಚಿತರೇ? ಇನ್ನು ಒಪ್ಪಿಗೆ. ನಿಮ್ಮನ್ನು ಕರೆಯಬಹುದೇ ಎಂದು ಮೊದಲೇ ಕೇಳಿ ಕರೆಯುವುದುಂಟೇ? ಹಾಗೆ ಕೇಳಿದವನ ಮನೆಗೆ ಯಾರು ಹೋದಾರು? ಬೇಲೂರಿನ ಶಿಲ್ಪಿಗಳನ್ನೇ ನೋಡಿ. ತಾವು ಕಡೆದ ವಿಗ್ರಹದ ಬುಡದಲ್ಲಿ ತಮ್ಮ ಹೆಸರು, ಸಾಲದ್ದಕ್ಕೆ ಎದುರಾಳಿಗಳ ಎದೆ ನಡುಗಿಸುವ ಬಿರುದು, ಎಲ್ಲವನ್ನೂ ಕೆತ್ತಿ ಹೋಗಿದ್ದಾರೆ. ಒಂಬೈನೂರು ವರ್ಷಗಳಿಂದ ಬಂದವರೆಲ್ಲರಿಗೂ ಆ ಜಾಹೀರಾತು ತಲುಪುತ್ತಿದೆ. ಒಪ್ಪಿಗೆ ಯಾರು ಕೊಟ್ಟಿದ್ದರು? ಆದರೂ ಯಾರೂ ಅದನ್ನು ತಡೆಪಟ್ಟಿಗೆ ಹಾಕಿಲ್ಲ. ಹೆಸರಿನ ಮೇಲೆ ವಿಗ್ರಹ ನಿಂತಿದೆಯಲ್ಲ, ಅದಕ್ಕೆ.

ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆದು, ನನ್ನ ಪ್ರೌಢಿಮೆಗೆ ನಾನೇ ತಲೆದೂಗಿ ಓದಿ ಹೇಳಿದೆ. ವಿಶಾಲಾಕ್ಷಿ ಕೇಳಿಸಿಕೊಂಡು, "ಅರೇಹಳ್ಳಿಯೋರು ಬಂದಿದ್ದು ಬರೆದ್ರಾ?" ಎಂದಳು. ಬರೆದಿರಲಿಲ್ಲ. ಸೇರಿಸಿದೆ: ಗಾಣ ಶುರು ಮಾಡಿದೆವು, ಯಾರನ್ನೂ ಬಿಡಬಾರದೆಂದು ಎಲ್ಲರನ್ನೂ ಕರೆದೆವು, ನಮಗೆ ಗೊತ್ತೋ ಇಲ್ಲವೋ ಗೊತ್ತಿಲ್ಲದ ಒಬ್ಬರು ಬಂದು ಊಟ ಮಾಡಿ ಹೋದರು, ಇನ್ನು ಮುಂದೆ ಹೀಗೆ ಒಟ್ಟಿಗೆ ಕಳಿಸುವುದಿಲ್ಲ.

ಭಾನುವಾರ ಕಳೆದರೂ ಉತ್ತರವಿಲ್ಲ. ಸೋಮವಾರ ಬೆಳಿಗ್ಗೆ ಅವಳು ಎಣ್ಣೆಯ ಬಾಟಲಿಗಳನ್ನು ಚೀಲಕ್ಕೆ ಹಾಕಿ ಬೇಲೂರಿಗೆ ಹೊರಟಳು. ನಾನು ಚೀಲ ಹಿಡಿದೆ. ಬಸ್ಸು ಜಾವಗಲ್ ದಾಟಿತು. ಹಳೇಬೀಡಿನಲ್ಲಿ ಬಸ್ಸು ನಿಂತು ಡ್ರೈವರ್ ಟೀ ಕುಡಿಯಲು ಇಳಿದಾಗ ನನ್ನ ಫೋನು ಗುಂಯ್ ಎಂದಿತು. ಪಟ್ಟಿಯವರದು. ಪರಿಶೀಲಿಸಿದ್ದೇವೆ, ಇದು ನಿಜವಾದ ವಿಳಾಸ, ಪಟ್ಟಿಯಿಂದ ತೆಗೆದಿದ್ದೇವೆ. ಕೊನೆಯಲ್ಲಿ ಯಾರೋ ಒಬ್ಬ ಮನುಷ್ಯ ಬೇರೆಯಾಗಿ ಒಂದು ಸಾಲು ಸೇರಿಸಿದ್ದ: ಗಾಣಕ್ಕೆ ಶುಭವಾಗಲಿ.

"ಸರಿ ಹೋಯ್ತು," ಎಂದೆ. "ಇನ್ನೇನು ನಾವೇ ಹೋಗ್ತಾ ಇದ್ದೀವಲ್ಲ, ದರ ಬಾಯಲ್ಲೇ ಹೇಳಿದರಾಯ್ತು."

"ಇಲ್ಲ. ಈಗಲೇ ಕಳಿಸಿ," ಎಂದಳು. "ನಾವು ಹೋಗೋದ್ರೊಳಗೆ ನಮ್ಮಪ್ಪ ಅಲ್ಲಿಗೆ ಹೋಗಿರಬೇಕು."

ಕಳಿಸಿದೆ. ಬಸ್ಸು ಹೊರಟ ಮೇಲೆ ದರದ ಹಾಳೆ ಲಗತ್ತಿಸಿದೆನೋ ಇಲ್ಲವೋ ಎಂದು ಅನುಮಾನ ಬಂತು. ತೆಗೆದು ನೋಡಿದೆ, ಇತ್ತು. ಸ್ವಲ್ಪ ದೂರ ಹೋದ ಮೇಲೆ, ಹಾಗೆ ನೋಡಿದ್ದು ನಿಜವೋ ಎಂದು ಅನುಮಾನ ಬಂತು. ಮತ್ತೆ ನೋಡಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಬೇಲೂರಿನಲ್ಲಿ ಸರೋಜಮ್ಮ ಬಾಗಿಲಲ್ಲೇ ನಿಂತಿದ್ದರು. "ಬನ್ನಿ ಬನ್ನಿ. ನಿಮ್ಮ ಕಾಗದ ಆಗ್ಲೇ ಬಂತು, ಕೆಂಪಕ್ಷರ ಇಲ್ಲ ಅಂದ ಅಳಿಯ." ಆಮೇಲೆ ಬಾಟಲಿ ತೆರೆದು, ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸಿದರು. ಮುಂದಿನ ಮಾತೆಲ್ಲ ಹೆಂಗಸರಿಬ್ಬರದೇ. ದರದಲ್ಲಿ ಸರೋಜಮ್ಮ ಒಂದಿಷ್ಟು ಜಗ್ಗಿದರು. ವಿಶಾಲಾಕ್ಷಿ ನಗುನಗುತ್ತಲೇ ಕಾಗದದಲ್ಲಿದ್ದದ್ದನ್ನು ಬಿಟ್ಟು ಅಲ್ಲಾಡಲಿಲ್ಲ. ಟವಲು ಇರಲಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಾನು ಅಳಿಯನ ಜೊತೆ ಕಾಫಿ ಕುಡಿಯುತ್ತ, ಈ ಮಗಳನ್ನು ಕೊಟ್ಟ ಆ ಕೊಬ್ಬರಿ ವ್ಯಾಪಾರಿಯನ್ನು ಎದೆಯುಬ್ಬಿಸಿ ನೆನೆದೆ. ಆ ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ.

ಪಟ್ಟಿಯವರ ಆ ಪತ್ರವನ್ನು ನಾನು ಅಳಿಸಿಲ್ಲ. ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ. ನೀವೆಲ್ಲ ನಿಮ್ಮನ್ನು ಸಾಚಾ ಎಂದುಕೊಂಡು ತಿರುಗುತ್ತಿದ್ದೀರಿ. ಯಾರಾದರೂ ನಿಮ್ಮನ್ನು ಹಿಡಿದು, ಸಂಶಯಪಟ್ಟು, ವಿಚಾರಣೆ ಮಾಡಿ, ಇವನು ನಿಜವಾದವನು ಎಂದು ಬರೆದುಕೊಟ್ಟಿದ್ದಾರೆಯೇ? ನನಗೆ ಕೊಟ್ಟಿದ್ದಾರೆ. ಮೊನ್ನೆ ಹೀಗೆಯೇ ಒಬ್ಬರ ಮುಂದೆ ಹೇಳಿಕೊಳ್ಳುತ್ತಿದ್ದಾಗ ಒಳಗಿನಿಂದ, ಗಾಣದ ಸದ್ದಿನ ನಡುವೆ, ವಿಶಾಲಾಕ್ಷಿಯ ದನಿ ಬಂತು:

"ಸರಿಯಾಗಿ ಓದ್ರೀ. ಅದರಲ್ಲಿರೋದು ನಮ್ಮಪ್ಪನ ಹೆಸರು, ನಿಮ್ದಲ್ಲ."

ಯಾವುದನ್ನೂ ಪರೀಕ್ಷಿಸದೆ ಒಪ್ಪುವವನಲ್ಲ ನಾನು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದೆ. ಅವಳು ಹೇಳಿದ್ದೇ ನಿಜ.