ಗೇಟತ್ತೆ ಬೇಡ ಎಂದ ಸಿನಿಮಾ

ಪಾಯಸಕ್ಕೆಂದು ಏಲಕ್ಕಿ ಡಬ್ಬಿಯ ಮುಚ್ಚಳ ತೆಗೆದೆ. ನನ್ನ ತವರೂರು ಬೋಡಿಯಿಂದ ಬಂದ ಹೊಸ ಏಲಕ್ಕಿ, ಘಮ್ಮೆಂದಿತು. ಬೇರೆಯವರಿಗೆ ಆ ವಾಸನೆ ಬಂದರೆ ಹಬ್ಬ ನೆನಪಾಗುತ್ತದೆ, ನನಗೆ ಸಿನಿಮಾ ಟಿಕೆಟ್ ನೆನಪಾಗುತ್ತದೆ. ಅವತ್ತು ಮೊದಲೇ ನನ್ನ ತಲೆ ಕೆಟ್ಟಿತ್ತು. ಹಜಾರದಲ್ಲಿ ಕೂತ ಮಕ್ಕಳಿಬ್ಬರೂ ಬೆಳಗಿನಿಂದ ಒಂದೇ ಹಟ, ಹೊಸ ದೆವ್ವದ ಸಿನಿಮಾ ನೋಡಬೇಕು. ನಗಿಸುವ ದೆವ್ವ, ಹೆದರಿಸುವುದಿಲ್ಲ ಎಂದು ಮಗ ವಕಾಲತ್ತು ಮಾಡುತ್ತಿದ್ದ. ಅವನಿಗೆ ಹನ್ನೆರಡು, ಅವನ ಚಿಂತೆ ನನಗಿರಲಿಲ್ಲ. ಇನ್ನೊಬ್ಬಳು ನನ್ನ ಅಣ್ಣನ ಮಗಳು, ಒಂಬತ್ತು ವರ್ಷ. ಅವಳ ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ಅವಳು ತಮಿಳುನಾಡಿನ ಕಂಬಂನಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ.

ಆ ಸಿನಿಮಾವನ್ನು ಹಿಂದಿನ ದಿನವೇ ಫೋನಿನಲ್ಲಿ ನೋಡಿದ್ದೆ. ಸತ್ತ ತಾಯಿ ಅಡುಗೆಮನೆಗೆ ಬಂದು ದೋಸೆ ಹುಯ್ಯುತ್ತಾಳೆ, ದೋಸೆ ಹಾರಿ ಹಾರಿ ಮಕ್ಕಳ ತಟ್ಟೆಗೆ ಬೀಳುತ್ತದೆ. ಯಾರಿಗಾದರೂ ನಗು ಬರಬೇಕು. ಏಳು ವರ್ಷ ದಾಟಿದವರು ನೋಡಬಹುದು ಎಂದು ಮೂಲೆಯಲ್ಲಿ ಬರೆದಿತ್ತು. ವಯಸ್ಸು ಹೇಳಿಬಿಟ್ಟರೆ ಆಯಿತೇ? ಮನೆಯಲ್ಲಿ ಏನು ನಡೆದಿದೆ ಎಂದು ಅದು ಕೇಳುವುದಿಲ್ಲವಲ್ಲ. ಅದನ್ನು ಕೇಳುತ್ತಿದ್ದವರು ಒಬ್ಬರೇ ಇದ್ದರು...

ನಾನು ಚಿಕ್ಕವಳಿದ್ದಾಗ ನಾವು ಬೋಡಿಯಲ್ಲಿದ್ದೆವು. ನಮ್ಮ ಬೀದಿಯ ಕೊನೆಯ ಮನೆಯವರು ಬೆಳಿಗ್ಗೆ ಏಲಕ್ಕಿ ಗೋದಾಮಿನಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಮಧ್ಯಾಹ್ನವಾದರೆ, ನಾವು ಕೊಟ್ಟಿಗೆ ಎನ್ನುತ್ತಿದ್ದ ಸಿನಿಮಾ ಟಾಕೀಸಿನಲ್ಲಿ, ಹೆಂಗಸರು ಮತ್ತು ಮಕ್ಕಳ ಜೊತೆ ಬಂದವರು ಹೋಗುವ ಬಾಗಿಲಿಗೆ ನಿಂತು ಟಿಕೆಟ್ ಹರಿಯುತ್ತಿದ್ದರು. ಅವರ ಕೈಯಿಂದ ಬಂದ ಅರ್ಧ ಟಿಕೆಟ್ಟು ಏಲಕ್ಕಿ ವಾಸನೆ ಹೊಡೆಯುತ್ತಿತ್ತು. ನಾವೆಲ್ಲ ಅವರನ್ನು ಗೇಟತ್ತೆ ಎನ್ನುತ್ತಿದ್ದೆವು.

ಶುಕ್ರವಾರ ಹೊಸ ಸಿನಿಮಾ ಬಂದರೆ ಗೇಟತ್ತೆ ಅದನ್ನು ನಿಂತುಕೊಂಡೇ ನೋಡಿ ಮುಗಿಸುತ್ತಿದ್ದರು. ಶನಿವಾರ ಬೀದಿ ನಲ್ಲಿಯ ಹತ್ತಿರ ಅವರ ದರ್ಬಾರು. ಮಕ್ಕಳನ್ನು ಕಳಿಸಬಹುದೇ ಎಂದು ತಾಯಂದಿರು ಕೊಡ ಹಿಡಿದು ಕೇಳುತ್ತಿದ್ದರು. ಅವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟವರಲ್ಲ. ನಿನ್ನ ದೊಡ್ಡವನನ್ನು ಕಳಿಸು, ಅವನನ್ನು ಕಂಡು ದೆವ್ವವೇ ಓಡಬೇಕು. ಚಿಕ್ಕವಳನ್ನು ಕಳಿಸಿದರೆ ನಾಳೆ ಚಾಪೆ ಒಗೆಯುವವಳು ನೀನೇ ಎನ್ನುತ್ತಿದ್ದರು. ನಡುವಿನ ಬಿಡುವು ಮುಗಿದ ಮೇಲೆ ಒಂದು ಕೆಟ್ಟ ಜಾಗ ಬರುತ್ತದೆ, ಆ ಹೊತ್ತಿಗೆ ಮಗುವನ್ನು ಮುರುಕು ಚಕ್ಕುಲಿ ಕೊಡಿಸಲು ಹೊರಗೆ ಕರೆದುಕೊಂಡು ಬಾ ಎಂದೂ ಹೇಳಿಕೊಡುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ ಅಂಥದೇ ಒಂದು ನಗಿಸುವ ದೆವ್ವದ ಸಿನಿಮಾ ಬಂತು. ಸತ್ತ ಮುದುಕಿಯೊಬ್ಬಳು ತನ್ನ ಎಲೆ ಅಡಿಕೆ ಡಬ್ಬಿ ಹುಡುಕಿಕೊಂಡು ಬಂದು ಅಳಿಯನ ಜೀವ ತಿನ್ನುವ ಕತೆ. ಬೀದಿಯ ಮಕ್ಕಳೆಲ್ಲ ನೋಡಿ ಬಂದು ಮುದುಕಿಯ ಹಾಗೆ ಸೊಂಟ ಬಗ್ಗಿಸಿ ಕುಣಿಯುತ್ತಿದ್ದರು. ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಗೇಟತ್ತೆ ಎಲ್ಲರನ್ನೂ ಒಳಗೆ ಬಿಟ್ಟು ನನಗೆ ಮಾತ್ರ ಕೈ ಅಡ್ಡ ಹಿಡಿದರು. ಈ ಮಗುವಿಗೆ ಇದು ಬೇಡ, ಮುಂದಿನ ವಾರ ಬೇರೆ ಬರುತ್ತದೆ ಎಂದರು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅವ್ವ ಇಲ್ಲದ ಕೂಸೆಂದು ನಾಲ್ಕು ಜನರ ಮುಂದೆ ತಡೆಯುತ್ತಿದ್ದಾರೆ ಎಂದುಕೊಂಡರು.

“ಟಿಕೀಟು ಹರಿ ಅಕ್ಕ. ನಿನ್ ಕೆಲ್ಸ ಅಷ್ಟೇ,” ಎಂದರು.

ಗೇಟತ್ತೆ ಹರಿದುಕೊಟ್ಟರು.

ಅವ್ವ ಸತ್ತದ್ದು ನನಗೆ ಗೊತ್ತಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ನನ್ನನ್ನು ತೇವಾರಂ ಊರಿನ ಸೋದರಮಾವನ ಮನೆಗೆ ಕಳಿಸಿದ್ದರು. ಎಲ್ಲ ಮುಗಿದ ಮೇಲೆ ಕರೆತಂದು, ಅವ್ವ ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದಿದ್ದರು. ದಿನಾ ಕೇಳುತ್ತಿದ್ದೆ, ದಿನಾ ಅದೇ ಉತ್ತರ. ಅಪ್ಪನ ಬಾಯಿಂದ ಸತ್ಯ ಹೊರಡಲೊಲ್ಲದು, ಪಾಪ.

ಸಿನಿಮಾ ತಮಿಳಿನದು. ಆದರೆ ಕತೆಯ ಮನೆಯವರು ನಮ್ಮ ಸೀಮೆಯ ತೆಲುಗಿನವರು. ಅವರಲ್ಲಿ ಅಜ್ಜಿಗೆ ಅವ್ವ ಎನ್ನುತ್ತಾರೆ. ನಮ್ಮ ಕನ್ನಡದ ಮನೆಗಳಲ್ಲಿ ಅವ್ವ ಎಂದರೆ ಹೆತ್ತವಳು. ಕೊಟ್ಟಿಗೆ ತುಂಬ ಕೂತಿದ್ದ ತಮಿಳರಿಗೆ ಇದರಿಂದ ಆಗಬೇಕಾದ್ದೇನೂ ಇರಲಿಲ್ಲ. ಪರದೆಯ ಮೇಲೆ ಬಾಗಿಲು ಕಿರ್ರೆಂದಿತು, ಆ ಮನೆಯ ಮಕ್ಕಳು ಕೈ ತಟ್ಟಿ ಕೂಗಿದರು.

“ಅವ್ವಾ ವಂದುಟ್ಟಾ!”

ಅವ್ವ ಬಂದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಪರದೆ ನೋಡಲಿಲ್ಲ. ಹಿಂದೆ ತಿರುಗಿ ಕೊಟ್ಟಿಗೆಯ ಬಾಗಿಲು ನೋಡಿದೆ. ಅಪ್ಪನ ಕೈ ಕೊಸರಿಕೊಂಡು ಕಾಲುಗಳ ನಡುವೆ ತೂರಿ ಓಡಿದೆ. ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿದ್ದಳು. ಹೋಗಿ ಅವಳ ಸೀರೆಗೆ ಮುಖ ಒತ್ತಿದೆ.

ಏಲಕ್ಕಿ ವಾಸನೆ. ಗೇಟತ್ತೆ.

ಆ ಜಾಗ ಯಾವಾಗ ಬರುತ್ತದೆಂದು ಅವರಿಗೆ ಗೊತ್ತಿತ್ತು. ಗೇಟು ಬಿಟ್ಟು ಬಂದು ಅಲ್ಲೇ ಕಾದು ನಿಂತಿದ್ದರು. ನನ್ನನ್ನು ಎತ್ತಿಕೊಂಡು ಹೊರಗೆ ಬಿಸಿಲಿಗೆ ಬಂದು, ಕಟ್ಟೆಯ ಮೇಲೆ ಕೂರಿಸಿ ಹೇಳಿದರು.

“ಅದು ಅವರ ಅವ್ವ, ನನ್ ಕಣ್ಣು. ಅಜ್ಜಿನ ಹಂಗಂತಾರೆ. ನಿನ್ನವ್ವ ಬರಾಕಿಲ್ಲ. ಸತ್ತೋದ್ಲು.”

ನಾನು ಅವರ ಕೈ ಕಚ್ಚಿದೆ. ರಕ್ತ ಬಂತು. ಅವರು ಕೈ ಎಳೆದುಕೊಳ್ಳಲಿಲ್ಲ. ಹಿಂದೆಯೇ ಓಡಿಬಂದ ಅಪ್ಪ ಅದನ್ನೆಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿ ನಿಂತುಬಿಟ್ಟರು. ಆಮೇಲೆ ಮನೆಯಲ್ಲಿ ಯಾರೂ ಅವ್ವ ಬರುತ್ತಾಳೆ ಎನ್ನಲಿಲ್ಲ.

ಅದಕ್ಕೆ ನಾನು ಗೇಟತ್ತೆಯನ್ನು ದ್ವೇಷಿಸಿದೆ. ಅವ್ವನನ್ನು ಅವರೇ ಕೊಂದರೇನೋ ಎಂಬಂತೆ ದ್ವೇಷಿಸಿದೆ. ಅವರು ಎದುರು ಬಂದರೆ ಬೀದಿ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ. ದೊಡ್ಡವಳಾದ ಮೇಲೆ ಬುದ್ಧಿ ಬಂತು, ಮಾತು ಬರಲಿಲ್ಲ. ಮದುವೆಯಾಗಿ ಕಂಬಂಗೆ ಬಂದೆ. ಬಸ್ಸಿನಲ್ಲಿ ಮಹಾ ಎಷ್ಟು ಹೊತ್ತಿನ ದಾರಿ ಅದು? ಮುಂದಿನ ಸಲ, ಮುಂದಿನ ಸಲ ಎಂದುಕೊಂಡೇ ಇದ್ದೆ... ಹೋದ ವರ್ಷ ಅಣ್ಣ ಫೋನಿನಲ್ಲಿ ಏನೋ ಮಾತಿನ ನಡುವೆ ಗೇಟತ್ತೆ ತೀರಿಹೋದರಂತೆ ಎಂದ.

ಪಾಯಸದ ಒಲೆ ಆರಿಸಿ ಹಜಾರಕ್ಕೆ ಬಂದೆ. ಕೂತೆ, ಎದ್ದೆ, ಕಿಟಕಿ ಹತ್ತಿರ ಹೋಗಿ ಮತ್ತೆ ಬಂದೆ. ನಾವೂ ಈ ಮಗುವಿಗೆ ಆರು ತಿಂಗಳಿಂದ, ಅಮ್ಮ ಸಾಮಿ ಹತ್ತಿರ ಇದ್ದಾಳೆ, ನಿನ್ನನ್ನೇ ನೋಡುತ್ತಿದ್ದಾಳೆ ಎಂದು ಹೇಳುತ್ತ ಬಂದಿದ್ದೆವು. ಹಾಗೆ ಹೇಳಿದವರಲ್ಲಿ ಮೊದಲನೆಯವಳು ನಾನೇ. ಕೊನೆಗೆ ಅವಳ ಪಕ್ಕ ಕೂತು, ಇದರಲ್ಲಿ ಸತ್ತ ಅಮ್ಮ ತಿರುಗಿ ಬರುತ್ತಾಳೆ, ಅದು ಸಿನಿಮಾ, ನಿನ್ನ ಅಮ್ಮ ಬರುವುದಿಲ್ಲ ಎಂದೆ.

ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ತೆರಿಯುಂ ಅತ್ತೆ, ಗೊತ್ತು. ಬಂದ್ರೆ ಹೆಂಗಿರ್ತದೆ ಅಂತ ಒಂದ್ಸಾರಿ ನೋಡ್ತೀನಿ.”

ಹಾಕು ಎಂದು ಮಗನಿಗೆ ಹೇಳಿ ಅವಳಿಗೆ ಅಂಟಿಕೊಂಡು ಕೂತೆ. ದೋಸೆ ಹಾರುವಾಗ ಅವಳು ಬಾಯ್ತುಂಬ ನಕ್ಕಳು. ಅತ್ತವಳು ನಾನು. ನೀವು ಅವತ್ತು ಹೇಳಿದ್ದೇ ಸರಿ ಅತ್ತೆ ಎಂಬ ಒಂದು ಮಾತನ್ನು ಗೇಟತ್ತೆಗೆ ನಾನು ಒಂದು ಸಲವೂ ಹೇಳಲಿಲ್ಲ.